ಇಂಧನ ಟ್ಯಾಂಕ್ ಸುರಕ್ಷತೆ: ತರಬೇತಿ ಹ್ಯಾಂಗರಿನ ಬಾಗಿಲಲ್ಲೇ ನಿಲ್ಲಬಾರದು

ವಿಮಾನೋದ್ಯಮವು ನಮ್ಮ ನಾಡಿಗೆ ಹೊಸದಲ್ಲ. 1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನೊಡನೆ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದಲೂ ಈ ಕಸುಬು ನಮ್ಮವರ ಕೈಗೆ ಒಗ್ಗಿದೆ. ಇಂದು ಪೀಣ್ಯದಲ್ಲಿ, ಬೆಳಗಾವಿಯಲ್ಲಿ, ದೇವನಹಳ್ಳಿಯ ಆಸುಪಾಸಿನಲ್ಲಿ ವಿಮಾನದ ಬಿಡಿಭಾಗಗಳನ್ನು ತಯಾರಿಸುವ ಘಟಕಗಳಿವೆ. ವಿಮಾನಗಳ ನಿರ್ವಹಣೆ ಮತ್ತು ದುರಸ್ತಿ ಸೇವೆಗಳ ಮೇಲಿನ ಜಿಎಸ್‌ಟಿಯನ್ನು 2020ರ ಏಪ್ರಿಲ್ 1ರಿಂದ ಶೇಕಡ 18ರಿಂದ 5ಕ್ಕೆ ಇಳಿಸಿದ ಮೇಲೆ, ಹೊರದೇಶಗಳಿಗೆ ಹೋಗುತ್ತಿದ್ದ ದುರಸ್ತಿ ಕೆಲಸವನ್ನು ಇಲ್ಲಿಯೇ ಮಾಡಿಕೊಳ್ಳಬೇಕೆಂಬ ಮಾತಿಗೆ ಬಲ ಬಂದಿದೆ. ಇವೆಲ್ಲವೂ ಸ್ವಾಗತಾರ್ಹ ಬೆಳವಣಿಗೆಗಳೇ ಸರಿ.

ಆದರೆ ವಿಮಾನೋದ್ಯಮವನ್ನು ಕುರಿತ ನಮ್ಮ ಚರ್ಚೆಗಳೆಲ್ಲ ಜಮೀನು, ತೆರಿಗೆ, ಸಬ್ಸಿಡಿ, ಬ್ಯಾಂಕ್ ಸಾಲಗಳ ಸುತ್ತಲೇ ತಿರುಗುತ್ತಿವೆ. ಕೆಲಸ ಮಾಡುವ ಕೈಗಳಿಗೆ ಏನನ್ನು ಕಲಿಸಬೇಕು, ಎಷ್ಟು ದೂರದವರೆಗೆ ಕಲಿಸಬೇಕು ಎಂಬ ಪ್ರಶ್ನೆ ಅಪರೂಪಕ್ಕೊಮ್ಮೆ ಮಾತ್ರ ಏಳುತ್ತದೆ. ವಿಮಾನದ ಇಂಧನ ಟ್ಯಾಂಕಿನ ಸುರಕ್ಷತೆಯ ತರಬೇತಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ಪ್ರಶ್ನೆಯತ್ತ ಸದಸ್ಯ ಬಂಧುಗಳ ಗಮನ ಸೆಳೆಯುವುದು ಈ ಲೇಖನದ ಉದ್ದೇಶ. ಕಾನೂನು ಈ ತರಬೇತಿಯನ್ನು ವಿಮಾನ ನಿರ್ವಹಣಾ ಸಂಸ್ಥೆಗಳ ಸಿಬ್ಬಂದಿಗೆ ವಿಧಿಸುತ್ತದೆ. ಆದರೆ ಅದರ ತಿರುಳು ಬಿಡಿಭಾಗ ತಯಾರಿಸುವವರಿಗೂ, ಅದನ್ನು ಮಾರುವವರಿಗೂ, ಉಗ್ರಾಣದಲ್ಲಿ ಕಾಯ್ದಿಡುವವರಿಗೂ ತಲುಪಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಖಾಲಿ ಟ್ಯಾಂಕಿನ ಅಪಾಯ

1996ರ ಜುಲೈ 17ರ ಸಂಜೆ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಹೊರಟಿದ್ದ ಟಿಡಬ್ಲ್ಯುಎ ಸಂಸ್ಥೆಯ ಬೋಯಿಂಗ್ 747 ವಿಮಾನವು ನೆಲ ಬಿಟ್ಟ ಸುಮಾರು 12 ನಿಮಿಷಗಳಲ್ಲಿ ಲಾಂಗ್ ಐಲೆಂಡ್ ಸಮೀಪದ ಸಮುದ್ರದ ಮೇಲೆ ಸಿಡಿದು ಬಿದ್ದಿತು. ಅದರಲ್ಲಿದ್ದ 230 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ಸಮುದ್ರದಾಳದಿಂದ ಎತ್ತಿದ ಚೂರುಗಳನ್ನು ಜೋಡಿಸಿ, ನಾಲ್ಕು ವರ್ಷಗಳ ಕಾಲ ತನಿಖೆ ನಡೆಸಿ, 2000ದ ಆಗಸ್ಟ್‌ನಲ್ಲಿ ತನ್ನ ವರದಿಯನ್ನು ಅಂಗೀಕರಿಸಿತು. ರೆಕ್ಕೆಗಳ ನಡುವೆ, ವಿಮಾನದ ಒಡಲಿನಲ್ಲಿರುವ ಮಧ್ಯದ ಇಂಧನ ಟ್ಯಾಂಕಿನಲ್ಲಿ ತುಂಬಿಕೊಂಡಿದ್ದ ಆವಿ ಹೊತ್ತಿಕೊಂಡದ್ದೇ ಸ್ಫೋಟಕ್ಕೆ ಕಾರಣವೆಂದು ಅದು ನಿರ್ಣಯಿಸಿತು. ಕಿಡಿ ಎಲ್ಲಿಂದ ಬಂತೆಂಬುದನ್ನು ನಿಶ್ಚಿತವಾಗಿ ಹೇಳಲಾಗಲಿಲ್ಲ. ಟ್ಯಾಂಕಿನ ಹೊರಗೆ ಎಲ್ಲೋ ಆದ ಶಾರ್ಟ್ ಸರ್ಕ್ಯೂಟಿನಿಂದಾಗಿ, ಇಂಧನದ ಪ್ರಮಾಣ ಅಳೆಯುವ ಮಾಪಕದ ತಂತಿಗಳ ಮೂಲಕ ಅಧಿಕ ವೋಲ್ಟೇಜು ಒಳಹೊಕ್ಕಿರುವ ಸಂಭವವೇ ಹೆಚ್ಚೆಂದು ಮಂಡಳಿ ಅಭಿಪ್ರಾಯಪಟ್ಟಿತು.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಟ್ಯಾಂಕು ತುಂಬಿದ್ದರೆ ಅಪಾಯ ಹೆಚ್ಚು, ಖಾಲಿಯಿದ್ದರೆ ಕಡಿಮೆ ಎಂದು ಸಾಮಾನ್ಯವಾಗಿ ಭಾವಿಸುತ್ತೇವೆ. ವಸ್ತುಸ್ಥಿತಿ ಇದಕ್ಕೆ ವ್ಯತಿರಿಕ್ತ. ಆ ವಿಮಾನದ ಮಧ್ಯದ ಟ್ಯಾಂಕಿನ ತಳದಲ್ಲಿ ಅಲ್ಪಸ್ವಲ್ಪ ಇಂಧನ ಮಾತ್ರ ಉಳಿದಿತ್ತು. ಟ್ಯಾಂಕಿನ ಕೆಳಗೆಯೇ ಹವಾನಿಯಂತ್ರಣ ಯಂತ್ರಗಳಿದ್ದು, ವಿಮಾನ ನೆಲದ ಮೇಲಿದ್ದಾಗ ಅವು ಎರಡು ಗಂಟೆಗೂ ಮೀರಿ ನಡೆದಿದ್ದವು. ಅವುಗಳ ಶಾಖದಿಂದ ಉಳಿದ ಇಂಧನವು ಆವಿಯಾಗಿ, ಖಾಲಿ ಜಾಗದ ಗಾಳಿಯೊಡನೆ ಬೆರೆತು, ಹೊತ್ತಿಕೊಳ್ಳಲು ಸಿದ್ಧವಾಗಿ ನಿಂತಿತ್ತು.

ವಿಮಾನಗಳಲ್ಲಿ ಬಳಸುವ ಜೆಟ್ ಇಂಧನವು ಸೀಮೆಎಣ್ಣೆಯ ಜಾತಿಗೆ ಸೇರಿದ್ದು. ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಅದು ಹೊಮ್ಮಿಸಬಾರದ ಕನಿಷ್ಠ ಮಿತಿಯನ್ನು 38 ಡಿಗ್ರಿ ಸೆಲ್ಸಿಯಸ್ ಎಂದು ನಿಗದಿಪಡಿಸಲಾಗಿದೆ. ಬೇಸಿಗೆಯಲ್ಲಿ ನಮ್ಮ ಕಲಬುರಗಿ, ರಾಯಚೂರುಗಳ ಉಷ್ಣಾಂಶವೇ 40 ಡಿಗ್ರಿಯನ್ನು ದಾಟುವುದನ್ನು ನೆನೆದರೆ ಇದು ಎಷ್ಟು ಸಮೀಪದ ಮಿತಿಯೆಂಬುದು ತಿಳಿಯುತ್ತದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುವುದರಿಂದ ಇನ್ನೂ ಕಡಿಮೆ ಉಷ್ಣಾಂಶದಲ್ಲಿಯೇ ಆವಿ ಅಪಾಯಕಾರಿಯಾಗಬಲ್ಲದು. ಅದನ್ನು ಹೊತ್ತಿಸಲು ಬೇಕಾದ ಶಕ್ತಿಯಾದರೂ ಎಷ್ಟು? ಸುಮಾರು 0.2 ಮಿಲಿಜೌಲ್ ಸಾಕು. ಒಣಹವೆಯ ದಿನ ಬಾಗಿಲ ಹಿಡಿಕೆಯನ್ನು ಮುಟ್ಟಿದಾಗ ಬೆರಳಿಗೆ ಚುರುಕೆನ್ನುವ ಕಿಡಿಯಲ್ಲಿ ಅದಕ್ಕಿಂತ ಹಲವು ಪಟ್ಟು ಹೆಚ್ಚು ಶಕ್ತಿಯಿರುತ್ತದೆ. ಅಂದರೆ, ಬೆರಳಿಗೆ ಅನುಭವಕ್ಕೂ ಬಾರದ ಕಿಡಿಯೊಂದು ಟ್ಯಾಂಕಿಗೆ ಸಾಕಾಗುತ್ತದೆ.

ಇದು ಒಂದೇ ಒಂದು ಪ್ರಕರಣವೂ ಅಲ್ಲ. 1990ರ ಮೇ 11ರಂದು ಮನಿಲಾ ನಿಲ್ದಾಣದಲ್ಲಿ ಫಿಲಿಪೈನ್ ಏರ್‌ಲೈನ್ಸಿನ ಬೋಯಿಂಗ್ 737 ವಿಮಾನವು ಹೊರಡುವ ಮುನ್ನವೇ ಅದರ ಮಧ್ಯದ ಟ್ಯಾಂಕು ಸ್ಫೋಟಗೊಂಡು 8 ಮಂದಿ ಮೃತಪಟ್ಟಿದ್ದರು. 2001ರ ಮಾರ್ಚ್ 3ರಂದು ಬ್ಯಾಂಕಾಕಿನಲ್ಲಿ ನಿಂತಿದ್ದ ಥಾಯ್ ಏರ್‌ವೇಸಿನ ಇನ್ನೊಂದು 737 ವಿಮಾನದ ಮಧ್ಯದ ಟ್ಯಾಂಕು ಸ್ಫೋಟಗೊಂಡು ಸಿಬ್ಬಂದಿಯೊಬ್ಬರು ಪ್ರಾಣ ಕಳೆದುಕೊಂಡರು. ಪ್ರಯಾಣಿಕರು ಇನ್ನೂ ಹತ್ತಿರದಿದ್ದುದರಿಂದ ಸಾವಿನ ಸಂಖ್ಯೆ ಅಷ್ಟಕ್ಕೇ ನಿಂತಿತು.

ನಿಯಮಗಳು ಬಂದ ಬಗೆ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮ್ಮಲ್ಲಿದೆ. ವಿಮಾನ ಸುರಕ್ಷತೆಯ ಇತಿಹಾಸದ ಬಹುಭಾಗ ಹಾಗೆಯೇ ಇದೆ. ಆದರೆ ಒಮ್ಮೆ ತೋಡಿದ ಬಾವಿಯನ್ನು ಆ ಕ್ಷೇತ್ರದವರು ಮುಚ್ಚಿಹೋಗಲು ಬಿಡುವುದಿಲ್ಲ ಎಂಬುದನ್ನೂ ಒಪ್ಪಬೇಕು. 2001ರಲ್ಲಿ ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತವು ವಿಶೇಷ ನಿಯಮವೊಂದನ್ನು ಜಾರಿಗೆ ತಂದು, 30 ಅಥವಾ ಅದಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ಜೆಟ್ ಮತ್ತಿತರ ದೊಡ್ಡ ವಿಮಾನಗಳ ಇಂಧನ ಟ್ಯಾಂಕುಗಳಲ್ಲಿ ಕಿಡಿ ಹುಟ್ಟಬಹುದಾದ ಸಾಧ್ಯತೆಗಳನ್ನೆಲ್ಲ ಮರುಪರಿಶೀಲಿಸಬೇಕೆಂದು ತಯಾರಕರಿಗೆ ಆದೇಶಿಸಿತು. 2008ರ ಜುಲೈನಲ್ಲಿ ಬಂದ ಮತ್ತೊಂದು ನಿಯಮವು ಟ್ಯಾಂಕಿನೊಳಗಿನ ಆವಿಯೇ ಹೊತ್ತಿಕೊಳ್ಳದಂತೆ ಮಾಡುವ ವ್ಯವಸ್ಥೆಯನ್ನು ಬಯಸಿತು. ಟ್ಯಾಂಕಿಗೆ ನೈಟ್ರೋಜನ್ ಹೆಚ್ಚಿರುವ ಗಾಳಿಯನ್ನು ಹಾಯಿಸಿ, ಅಲ್ಲಿನ ಆಮ್ಲಜನಕವನ್ನು ಸಾಮಾನ್ಯ ಗಾಳಿಯ ಶೇಕಡ 21ರಿಂದ ಸುಮಾರು 12ಕ್ಕೋ ಅದಕ್ಕೂ ಕೆಳಕ್ಕೋ ಇಳಿಸುವುದು ಅದರ ಮುಖ್ಯ ವಿಧಾನ.

ಮರುಪರಿಶೀಲನೆಯ ಫಲವಾಗಿ ಪ್ರತಿಯೊಂದು ಮಾದರಿಯ ವಿಮಾನಕ್ಕೂ ಒಂದು ಪಟ್ಟಿ ಸಿದ್ಧವಾಯಿತು. ವಿನ್ಯಾಸದ ಯಾವ ಅಂಶಗಳನ್ನು ವಿಮಾನವಿರುವಷ್ಟು ಕಾಲವೂ ಎಳ್ಳಷ್ಟೂ ಬದಲಿಸಕೂಡದು ಎಂಬುದರ ಪಟ್ಟಿಯದು. ಅದನ್ನು ಆ ಕ್ಷೇತ್ರದವರು ಸಿಡಿಸಿಸಿಎಲ್ ಎಂಬ ಐದಕ್ಷರದಿಂದ ಕರೆಯುತ್ತಾರೆ. ಮಾಪಕದ ತಂತಿಗಳನ್ನು ಇತರ ತಂತಿಗಳಿಂದ ಬೇರ್ಪಡಿಸಿಯೇ ಎಳೆಯಬೇಕು; ಲೋಹದ ಭಾಗಗಳ ನಡುವಣ ವಿದ್ಯುತ್ ಸಂಪರ್ಕದ ಪಟ್ಟಿಗಳನ್ನು ಅಳತೆಗೆ ತಕ್ಕಂತೆಯೇ ಕೂರಿಸಬೇಕು; ಇಂಧನ ಪಂಪನ್ನು ಬಿಚ್ಚಿ ಜೋಡಿಸುವಾಗ ಕೈಪಿಡಿಯ ಕ್ರಮವನ್ನು ಬಿಟ್ಟು ಕದಲಬಾರದು; ಇಂಥವು ಅದರಲ್ಲಿ ಸೇರಿರುತ್ತವೆ.

ಪಟ್ಟಿ ಮಾಡಿದರೆ ಸಾಲದು, ಅದನ್ನು ಪಾಲಿಸುವವರಿಗೆ ತಿಳಿವಳಿಕೆ ಬೇಕು. ಆದ್ದರಿಂದ ಯೂರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆಯು 2007ರಲ್ಲಿ ತರಬೇತಿಯ ಮಾರ್ಗಸೂಚಿಯನ್ನು ಹೊರಡಿಸಿ, ಅದನ್ನು ಹಂತಗಳಾಗಿ ವಿಂಗಡಿಸಿತು. ಮೊದಲ ಹಂತವು ಸಂಸ್ಥೆಯ ಆಡಳಿತ ವರ್ಗಕ್ಕೂ ಗುಣಮಟ್ಟ ವಿಭಾಗಕ್ಕೂ ಬೇಕಾದ ಅರಿವು. ಎರಡನೆಯದು ಕೆಲಸವನ್ನು ಯೋಜಿಸುವ, ಮಾಡುವ, ಮೇಲ್ವಿಚಾರಣೆ ನಡೆಸುವ, ತಪಾಸಿಸುವ ಮತ್ತು ದೃಢೀಕರಿಸುವ ಸಿಬ್ಬಂದಿಗೆ ವಿವರವಾದ ಪಾಠ. ಅನಂತರ ಎರಡು ವರ್ಷಗಳಿಗೊಮ್ಮೆ ಮರುತರಬೇತಿ. ನಮ್ಮ ದೇಶದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ ಯೂರೋಪಿನ ಮಾದರಿಯಲ್ಲಿಯೇ ನಿರ್ವಹಣಾ ಸಂಸ್ಥೆಗಳ ನಿಯಮಗಳನ್ನು ರೂಪಿಸಿ, ಈ ತರಬೇತಿಯನ್ನು ಅವುಗಳೊಳಗೆ ತಂದಿತು.

ಇಲ್ಲಿಯವರೆಗಿನ ವಿವರಗಳನ್ನು ಓದಿದ ಉದ್ಯಮಿ ಮಿತ್ರರು, ಇದು ದೊಡ್ಡ ಹ್ಯಾಂಗರುಗಳ ಸಮಾಚಾರ, ನಮಗೇನು ಸಂಬಂಧ ಎಂದು ಕೇಳಬಹುದು. ಆ ಸಂಬಂಧವನ್ನು ಒಂದು ವಾಷರು ತೋರಿಸಿಕೊಡುತ್ತದೆ.

ನಾಹಾ ನಿಲ್ದಾಣದ ವಾಷರು

2007ರ ಆಗಸ್ಟ್ 20ರಂದು ತೈಪೆಯಿಂದ ಬಂದ ಚೈನಾ ಏರ್‌ಲೈನ್ಸ್ ಸಂಸ್ಥೆಯ ಬೋಯಿಂಗ್ 737 ವಿಮಾನವು ಜಪಾನಿನ ಒಕಿನಾವಾದ ನಾಹಾ ನಿಲ್ದಾಣದಲ್ಲಿ ಸುರಕ್ಷಿತವಾಗಿಯೇ ಇಳಿದು ತಂಗುದಾಣಕ್ಕೆ ಬಂದು ನಿಂತಿತು. ಕೂಡಲೇ ಬಲರೆಕ್ಕೆಯ ಕೆಳಗೆ ಬೆಂಕಿ ಕಾಣಿಸಿಕೊಂಡಿತು. ಸಿಬ್ಬಂದಿಯೂ ಸೇರಿ ವಿಮಾನದಲ್ಲಿದ್ದ 165 ಮಂದಿಯೂ ಪ್ರಾಣಾಪಾಯವಿಲ್ಲದೆ ಹೊರಬಂದದ್ದು ಪುಣ್ಯ. ವಿಮಾನ ಮಾತ್ರ ಸುಟ್ಟುಹೋಯಿತು.

ಜಪಾನಿನ ತನಿಖಾಧಿಕಾರಿಗಳಿಗೆ ಸಿಕ್ಕ ಕಾರಣ ಹೀಗಿತ್ತು. ರೆಕ್ಕೆಯ ಮುಂಚಾಚಿನ ಸ್ಲ್ಯಾಟ್ ಎಂಬ ಫಲಕವು ಹಳಿಯೊಂದರ ಮೇಲೆ ಹಿಂದೆಮುಂದೆ ಸರಿಯುತ್ತದೆ. ಹಳಿ ಹಿಂದೆ ಸರಿಯುವಾಗ ಇಂಧನ ಟ್ಯಾಂಕಿನೊಳಕ್ಕೆ ಚಾಚಿಕೊಂಡಿರುವ ಡಬ್ಬಿಯಂಥ ಗೂಡಿನೊಳಗೆ ಸೇರುತ್ತದೆ. ಹಳಿಯ ತುದಿಯಲ್ಲಿ ಬೋಲ್ಟು, ನಟ್ಟು, ವಾಷರುಗಳ ಒಂದು ಸಣ್ಣ ಜೋಡಣೆಯಿದೆ. ಅಪಘಾತಕ್ಕೆ ಸುಮಾರು ಒಂದೂವರೆ ತಿಂಗಳ ಹಿಂದೆ, ನಟ್ಟು ಸಡಿಲವಾಗದಂತೆ ಭದ್ರಪಡಿಸುವ ಕೆಲಸವೇ ಅಲ್ಲಿ ನಡೆದಿತ್ತು. ಆಗ ಒಂದು ವಾಷರು ಕಳಚಿ ಬಿದ್ದಿತು; ಅದನ್ನು ಯಾರೂ ಗಮನಿಸಲಿಲ್ಲ. ಹಳಿಯಲ್ಲಿನ ರಂಧ್ರಕ್ಕಿಂತ ನಟ್ಟು ಚಿಕ್ಕದು. ಅದು ರಂಧ್ರದಲ್ಲಿ ತೂರಿಹೋಗದಂತೆ ಹಿಡಿದಿಟ್ಟಿದ್ದುದು ಆ ವಾಷರೇ. ವಾಷರಿಲ್ಲದೆ ಜೋಡಣೆ ಕಳಚಿ ಗೂಡಿನೊಳಗೆ ಬಿತ್ತು. ನಾಹಾದಲ್ಲಿ ಇಳಿದ ಬಳಿಕ ಸ್ಲ್ಯಾಟನ್ನು ಒಳಕ್ಕೆಳೆದಾಗ ಹಳಿಯು ಆ ಬೋಲ್ಟನ್ನು ಗೂಡಿನ ಗೋಡೆಗೆ ಒತ್ತಿ ತೂತು ಮಾಡಿತು. ಸೋರಿದ ಇಂಧನವು ಬಿಸಿ ಎಂಜಿನ್ನಿನ ಬಳಿ ಹೊತ್ತಿಕೊಂಡಿತು.

ತನಿಖಾ ವರದಿಯು ಇನ್ನೂ ಒಂದು ಮಾತನ್ನು ಸೇರಿಸಿತು. ಆ ಜಾಗ ಕಣ್ಣಿಗೂ ಕೈಗೂ ಸುಲಭವಾಗಿ ನಿಲುಕುವಂಥದ್ದಲ್ಲ. ಕೆಲಸದ ಸೂಚನೆಯನ್ನು ಬರೆದವರು ಆ ಕಷ್ಟವನ್ನು ಸಾಕಷ್ಟು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕೆಲಸ ಮಾಡಿದವರಾಗಲಿ, ಅವರ ಮೇಲ್ವಿಚಾರಕರಾಗಲಿ ಆ ಕಷ್ಟವನ್ನು ಸೂಚನೆ ನೀಡಿದವರಿಗೆ ತಿಳಿಸಿರಲೂ ಇಲ್ಲ.

ಅಂಗಡಿಯಲ್ಲಿ ತೂಕದ ಮೇಲೆ ಕೊಳ್ಳುವ ಸಾಮಗ್ರಿಯೆಂದು ನಾವು ಭಾವಿಸುವ ವಾಷರೊಂದು ಇಡೀ ವಿಮಾನವನ್ನು ಸುಟ್ಟಿತು. ಆ ವಾಷರಿನ ವ್ಯಾಸ ಅಷ್ಟೇ ಏಕಿರಬೇಕು ಎಂಬುದು ಅದನ್ನು ಕೈಯಲ್ಲಿ ಹಿಡಿದವನಿಗೆ ತಿಳಿದಿದ್ದರೆ, ಅದು ಬಿದ್ದಾಗ ಅವನು ಹುಡುಕುತ್ತಿದ್ದ. ಈ ತರಬೇತಿಯ ಸಾರವೆಲ್ಲ ಇಷ್ಟೇ: ಒಂದು ವಸ್ತು ಹೀಗೆಯೇ ಏಕಿದೆ ಎಂಬುದನ್ನು ತಿಳಿಯದೆ ಅದನ್ನು ಬದಲಿಸಬಾರದು.

ಬದಲಿ ಸಾಮಗ್ರಿಯ ಪ್ರಲೋಭನೆ

ಈ ಮಾತು ದುರಸ್ತಿಗಾರನಿಗಿಂತ ತಯಾರಕನಿಗೂ ವರ್ತಕನಿಗೂ ಹೆಚ್ಚು ಅನ್ವಯಿಸುತ್ತದೆಂದರೆ ಅತಿಶಯೋಕ್ತಿಯಾಗಲಾರದು. ನಮ್ಮ ಸಣ್ಣ ಕೈಗಾರಿಕೆಗಳ ಹೆಗ್ಗಳಿಕೆಯೇ ಹೊಂದಿಸಿಕೊಳ್ಳುವ ಜಾಣ್ಮೆ. ಹೇಳಿದ ದರ್ಜೆಯ ಕಚ್ಚಾಸಾಮಗ್ರಿ ಸಿಗದಿದ್ದರೆ ಅದಕ್ಕೆ ಸಮನಾದದ್ದನ್ನು ಹುಡುಕುತ್ತೇವೆ. ಅಳತೆಯ ಬುಷ್ ಇಲ್ಲದಿದ್ದರೆ ಇದ್ದುದನ್ನೇ ಲೇತಿನ ಮೇಲೆ ಕಡೆದು ಕೂರಿಸುತ್ತೇವೆ. ಪಂಪ್‌ಸೆಟ್ಟಿಗೂ ಹಿಟ್ಟಿನ ಗಿರಣಿಗೂ ಈ ಜಾಣ್ಮೆ ವರದಾನ. ಇಂಧನ ಟ್ಯಾಂಕಿನ ಸನಿಹದಲ್ಲಿ ಇದೇ ಜಾಣ್ಮೆ ಶಾಪವಾಗಬಲ್ಲದು.

ಒಂದು ಕ್ಲ್ಯಾಂಪಿನ ಒಳಮೈಗೆ ರಬ್ಬರಿನ ಹೊದಿಕೆಯಿರುತ್ತದೆ. ಅದು ಅಲಂಕಾರಕ್ಕಲ್ಲ, ತಂತಿಯ ಮೈ ಉಜ್ಜದಿರಲೆಂದು. ತಂತಿಯನ್ನು ಸುತ್ತುವರಿದ ಟೆಫ್ಲಾನ್ ಸ್ಲೀವ್ ಹಾಗೆಯೇ. 1998ರ ಮೇ ತಿಂಗಳಿನಲ್ಲಿ ಬೋಯಿಂಗ್ 737 ವಿಮಾನಗಳ ಇಂಧನ ಪಂಪಿನ ತಂತಿಗಳು ಅಲ್ಯೂಮಿನಿಯಂ ಕೊಳವೆಯೊಳಗೆ ಕಂಪನಕ್ಕೆ ಉಜ್ಜಿ ಸವೆದಿರುವುದು ಪತ್ತೆಯಾದಾಗ, ಹೆಚ್ಚು ಹಾರಾಟ ನಡೆಸಿದ ವಿಮಾನಗಳನ್ನು ತುರ್ತಾಗಿ ತಪಾಸಿಸಬೇಕೆಂದು ಅಮೆರಿಕದ ಅಧಿಕಾರಿಗಳು ಆದೇಶ ಹೊರಡಿಸಬೇಕಾಯಿತು. ಹೊದಿಕೆಯ ದಪ್ಪದಲ್ಲಿ ಕೂದಲೆಳೆಯಷ್ಟು ಕಡಿಮೆಯಾದರೆ ಸರಕು ನೋಡಲು ಅಂದವಾಗಿಯೇ ಇರುತ್ತದೆ, ಸಲೀಸಾಗಿ ಕೂರುತ್ತದೆ, ಬೆಲೆಯಲ್ಲೂ ಉಳಿತಾಯವಾಗುತ್ತದೆ. ಅದರ ಲೋಪ ಕಾಣಿಸಿಕೊಳ್ಳುವುದು ಎಷ್ಟೋ ಸಾವಿರ ಗಂಟೆಗಳ ಹಾರಾಟದ ನಂತರ, ಯಾರ ಕಣ್ಣಿಗೂ ಬೀಳದ ಕೊಳವೆಯೊಳಗೆ.

ವರ್ತಕರ ಪಾತ್ರವೂ ಸಣ್ಣದಲ್ಲ. ಟ್ಯಾಂಕಿನ ಸಂದುಗಳನ್ನು ಮುಚ್ಚುವ ಸೀಲೆಂಟುಗಳಿಗೆ ಅವಧಿಯಿದೆ. ಅವನ್ನು ಇಡಬೇಕಾದ ಉಷ್ಣಾಂಶಕ್ಕೂ ಮಿತಿಯಿದೆ. ಬಿಸಿಲು ಕಾಯುವ ಗೋದಾಮಿನಲ್ಲಿ ತಿಂಗಳುಗಟ್ಟಲೆ ಇಟ್ಟು, ಡಬ್ಬಿಯ ಮೇಲಿನ ತಾರೀಕು ಇನ್ನೂ ದಾಟಿಲ್ಲವೆಂದು ಕಳುಹಿಸಿದರೆ ಕಾಗದದ ಮೇಲೆ ಎಲ್ಲವೂ ಸರಿಯಿರುತ್ತದೆ. ಪ್ರಮಾಣಪತ್ರವಿಲ್ಲದ ಬೋಲ್ಟನ್ನು ‘ಅದೇ ಕಂಪನಿಯ ಮಾಲು, ಅದೇ ಸೈಜು’ ಎಂಬ ಬಾಯಿಮಾತಿನ ಮೇಲೆ ಕೊಡುವುದೂ ಇದೇ ಸಾಲಿಗೆ ಸೇರುತ್ತದೆ.

ಬಿಡಿಭಾಗ ತಯಾರಿಸುವ ಕಾರ್ಖಾನೆಯ ಕಾರ್ಮಿಕರಿಗೆ ಇಂಧನ ಟ್ಯಾಂಕ್ ಸುರಕ್ಷತೆಯ ತರಬೇತಿಯನ್ನು ನಿರ್ವಹಣಾ ನಿಯಮಗಳು ಕಡ್ಡಾಯಗೊಳಿಸಿಲ್ಲ, ನಿಜ. ಆದರೆ ವಿಮಾನೋದ್ಯಮದ ಗುಣಮಟ್ಟ ವ್ಯವಸ್ಥೆಯಾದ ಎಎಸ್ 9100ರ 2016ರ ಪರಿಷ್ಕೃತ ಆವೃತ್ತಿಯು, ಉತ್ಪನ್ನದ ಸುರಕ್ಷತೆಗೆ ತನ್ನ ಕೆಲಸ ಹೇಗೆ ನೆರವಾಗುತ್ತದೆ ಎಂಬ ಅರಿವು ಪ್ರತಿಯೊಬ್ಬ ಕೆಲಸಗಾರನಿಗೂ ಇರಬೇಕೆಂದು ವಿಧಿಸಿತು. ಈ ಪ್ರಮಾಣಪತ್ರವನ್ನು ಪಡೆದ ಸದಸ್ಯ ಘಟಕಗಳವರು ತಮ್ಮನ್ನು ತಾವೇ ಕೇಳಿಕೊಳ್ಳಲಿ: ನಮ್ಮ ಸ್ಲೀವ್ ವಿಮಾನದ ಯಾವ ಭಾಗಕ್ಕೆ ಹೋಗುತ್ತದೆಂಬುದು ಅದನ್ನು ಕತ್ತರಿಸುವವನಿಗೆ ಗೊತ್ತಿದೆಯೇ?

ಗೋಡೆಯ ಮೇಲಿನ ಪ್ರಮಾಣಪತ್ರ

ತರಬೇತಿ ಇದ್ದ ಕಡೆಗಳಲ್ಲಿಯೂ ಅದು ಶಾಸ್ತ್ರಕ್ಕೆ ಮುಗಿಯುವ ಅಪಾಯವಿದೆ. ಗಣಕಯಂತ್ರದ ಪರದೆಯ ಮೇಲೆ ಪುಟಗಳನ್ನು ಸರಸರನೆ ದಾಟಿಸಿ, ಕೊನೆಯ ಹತ್ತು ಪ್ರಶ್ನೆಗಳಿಗೆ ಗುರುತು ಹಾಕಿ, ಮುದ್ರಿತವಾಗಿ ಹೊರಬಂದ ಪ್ರಮಾಣಪತ್ರವನ್ನು ಕಡತಕ್ಕೆ ಸೇರಿಸಿದರೆ ಲೆಕ್ಕಪರಿಶೋಧಕರಿಗೆ ತೃಪ್ತಿಯಾಗಬಹುದು. ಟ್ಯಾಂಕಿಗೆ ಆಗುವುದಿಲ್ಲ. ಟಿಡಬ್ಲ್ಯುಎ ವಿಮಾನದ ಅವಶೇಷಗಳಲ್ಲಿ ತನಿಖೆಗಾರರು ಕಂಡದ್ದೇನು? ತಯಾರಕರ ಸೂಚನೆಗಳಿಗೆ ಹೊಂದದ ತಂತಿಯ ದುರಸ್ತಿಗಳು, ಸರಿಯಾಗಿ ಮುಚ್ಚದ ಜೋಡಣೆಗಳು. ಅವುಗಳಲ್ಲಿ ಯಾವುದೂ ಸ್ಫೋಟಕ್ಕೆ ಕಾರಣವೆಂದು ರುಜುವಾಗಲಿಲ್ಲ. ಆದರೂ ಅವುಗಳನ್ನು ಮಾಡಿದವರು ಅಡ್ಡದಾರಿ ಹಿಡಿದ ದುಷ್ಟರೇನೂ ಆಗಿರಲಾರರು. ದೀಪದ ತಂತಿಗೂ ಟ್ಯಾಂಕಿನ ಮಾಪಕದ ತಂತಿಗೂ ವ್ಯತ್ಯಾಸವೇನೆಂಬುದು ಆ ಕಾಲಕ್ಕೆ ಅವರ ಮನಸ್ಸಿಗೆ ಬಂದಿರಲಿಕ್ಕಿಲ್ಲ. ಆ ವ್ಯತ್ಯಾಸವನ್ನು ಮನಸ್ಸಿಗೆ ತರುವುದೇ ತರಬೇತಿಯ ಕೆಲಸ.

ಕೆಲಸಗಾರನ ಸ್ವಂತ ಪ್ರಾಣದ ಪ್ರಶ್ನೆಯೂ ಇದರಲ್ಲಿ ಅಡಗಿದೆ. ಸೋರಿಕೆಯನ್ನು ಪತ್ತೆಹಚ್ಚಲು ಟ್ಯಾಂಕಿನ ಕಿರುಬಾಗಿಲಿನಿಂದ ನುಸುಳಿ ಒಳಗೆ ಹೋಗಬೇಕಾದ ಸಂದರ್ಭಗಳಿವೆ. ಇಂಧನದ ಆವಿ ತಲೆಸುತ್ತು ತರಿಸುತ್ತದೆ. ನೈಟ್ರೋಜನ್ ಹಾಯಿಸಿದ ಟ್ಯಾಂಕಿನಲ್ಲಿ ಉಸಿರಾಟಕ್ಕೆ ಸಾಲುವಷ್ಟು ಆಮ್ಲಜನಕವಿರುವುದಿಲ್ಲ. ನೈಟ್ರೋಜನ್ನಿಗೆ ವಾಸನೆಯಿಲ್ಲದ ಕಾರಣ ಮುನ್ಸೂಚನೆಯೂ ಸಿಗುವುದಿಲ್ಲ. ಗಾಳಿಯನ್ನು ಅಳೆದು ನೋಡದೆ ಯಾರೂ ಒಳಗಿಳಿಯಬಾರದು, ಹೊರಗೆ ಕಾವಲಿಗೊಬ್ಬನಿಲ್ಲದೆ ಇಳಿಯಬಾರದು, ಕುಸಿದವನನ್ನು ಎತ್ತಲೆಂದು ರಕ್ಷಣಾ ಸಲಕರಣೆಯಿಲ್ಲದೆ ಇನ್ನೊಬ್ಬ ಧುಮುಕಬಾರದು. ಮಲಗುಂಡಿಗಳಲ್ಲಿ, ಹಳೆಯ ಬಾವಿಗಳಲ್ಲಿ ಒಬ್ಬರ ಹಿಂದೊಬ್ಬರು ಇಳಿದು ಪ್ರಾಣ ಬಿಟ್ಟ ಸುದ್ದಿಗಳನ್ನು ಓದಿರುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನೊಂದು ಮುಖ್ಯ ವಿಷಯ ಭಾಷೆಯದು. ಕೈಪಿಡಿಗಳು ಇಂಗ್ಲಿಷಿನಲ್ಲಿವೆ, ಇರಲೇಬೇಕು. ಕೆಲಸದ ಪತ್ರವನ್ನು ಅದರಲ್ಲಿಯೇ ಓದಿ ಸಹಿ ಮಾಡಬೇಕು. ಆದರೆ ಐಟಿಐ ಮುಗಿಸಿ ಬಂದ ಹಾವೇರಿಯ ಅಥವಾ ಚಿತ್ರದುರ್ಗದ ಯುವಕನಿಗೆ ಒಂದು ಸೂಚನೆಯ ಹಿಂದಿನ ಕಾರಣವನ್ನು ಕನ್ನಡದಲ್ಲಿ ವಿವರಿಸಿದರೆ ಅದು ಕಂಠಪಾಠವಾಗಿ ಉಳಿಯದೆ ಅವನ ತಿಳಿವಳಿಕೆಯಾಗುತ್ತದೆ. ಅರ್ಥವಾಗದ್ದನ್ನು ಅರ್ಥವಾಯಿತೆಂದು ತಲೆಯಾಡಿಸುವ ಸಂಕೋಚವೂ ತಪ್ಪುತ್ತದೆ. ನಾಹಾ ವರದಿ ಎತ್ತಿ ತೋರಿಸಿದ್ದು ಅಂಥ ಒಂದು ಮೌನವನ್ನೇ. ‘ಸಾರ್, ಈ ಜಾಗದಲ್ಲಿ ಕೈ ಹೋಗುವುದಿಲ್ಲ, ಕಾಣುವುದೂ ಇಲ್ಲ’ ಎಂದು ಹೇಳುವ ಧೈರ್ಯ ಕೆಲಸಗಾರನಿಗೂ, ಅದನ್ನು ಕೇಳುವ ತಾಳ್ಮೆ ಮಾಲೀಕನಿಗೂ ಇರಬೇಕು. ವಾಷರು ಕೆಳಗೆ ಬಿತ್ತೆಂದು ಬಂದು ಹೇಳಿದವನಿಗೆ ಬೈಗುಳವೇ ಉತ್ತರವಾದರೆ, ಮುಂದಿನ ಸಲ ಅವನು ಹೇಳುವುದಿಲ್ಲ.

ಆಕ್ಷೇಪಗಳು

ಈ ಸಲಹೆಗೆ ಬರಬಹುದಾದ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹತ್ತು ಹದಿನೈದು ಕೆಲಸಗಾರರಿರುವ ಘಟಕದಲ್ಲಿ ಅವರನ್ನು ಒಂದು ದಿನ ತರಬೇತಿಗೆ ಕಳುಹಿಸಿದರೆ ಆ ದಿನದ ಉತ್ಪಾದನೆ ನಿಂತಂತೆಯೇ. ತರಬೇತಿ ಪಡೆದವನು ಆರು ತಿಂಗಳಲ್ಲಿ ಹೆಚ್ಚು ಸಂಬಳಕ್ಕೆ ದೊಡ್ಡ ಕಂಪನಿಗೆ ಹೋಗಿಬಿಡುವುದೂ ಉಂಟು. ದೊಡ್ಡ ಖರೀದಿದಾರರು ದರವನ್ನು ಇಳಿಸುತ್ತಲೇ ಹೋಗಿ, ತರಬೇತಿಯ ವೆಚ್ಚವನ್ನು ಮಾತ್ರ ಸಣ್ಣವರ ತಲೆಗೆ ಕಟ್ಟುತ್ತಾರೆಂಬ ದೂರಿನಲ್ಲಿಯೂ ಸತ್ಯವಿದೆ. ನಕ್ಷೆಯ ಪ್ರಕಾರ ಮಾಡಿ ಕೊಡುವುದಷ್ಟೇ ನಮ್ಮ ಹೊಣೆ, ಅದು ಎಲ್ಲಿಗೆ ಹೋಗುತ್ತದೆಂಬುದನ್ನು ಖರೀದಿದಾರರೇ ಹೇಳುವುದಿಲ್ಲವೆಂಬ ವಾದವೂ ಇದೆ.

ಇವುಗಳಿಗೆ ನನ್ನ ಉತ್ತರ ಇಷ್ಟೇ. ನಕ್ಷೆಯಂತೆ ಮಾಡುವುದು ಹೊಣೆಯ ಮೊದಲ ಭಾಗ. ನಕ್ಷೆಯಂತೆ ಆಗದಿದ್ದಾಗ ಏನು ಮಾಡುತ್ತೇವೆಂಬುದು ಎರಡನೆಯ ಭಾಗ. ತಿಳಿವಳಿಕೆ ಬೇಕಾಗುವುದು ಅಲ್ಲಿ. ಅಳತೆ ಅಂಚಿಗೆ ಬಂದ ಮಾಲನ್ನು ಕಳುಹಿಸುವುದೋ ತಡೆಯುವುದೋ ಎಂಬ ತೀರ್ಮಾನ ಹಲವು ಸಲ ರಾತ್ರಿ ಪಾಳಿಯಲ್ಲಿ, ಮಾಲೀಕರಿಲ್ಲದ ಹೊತ್ತಿನಲ್ಲಿ ಆಗುತ್ತದೆ. ತರಬೇತಾದವನು ಬಿಟ್ಟುಹೋಗುವುದು ನಷ್ಟವೇ. ಆದರೆ ತರಬೇತಿಯಿಲ್ಲದವನು ಉಳಿದುಕೊಳ್ಳುವುದು ಅದಕ್ಕಿಂತ ದೊಡ್ಡ ನಷ್ಟವಾಗಬಹುದು. ಈ ಉದ್ಯಮದಲ್ಲಿ ಒಂದು ತಿರಸ್ಕೃತ ಸರಕು ಇಡೀ ಘಟಕವನ್ನೇ ಅನುಮೋದಿತ ಸರಬರಾಜುದಾರರ ಪಟ್ಟಿಯಿಂದ ಹೊರಗಿಡಿಸಬಲ್ಲದು. ಹಾಗೆ ಹೊರಬಿದ್ದವರು ಮತ್ತೆ ಒಳಸೇರುವುದು ಎಷ್ಟು ಕಷ್ಟವೆಂಬುದನ್ನು ಸದಸ್ಯರಿಗೆ ಹೇಳಬೇಕಾಗಿಲ್ಲ.

ಮಂಡಳಿ ಮಾಡಬಹುದಾದದ್ದು

ವೆಚ್ಚದ ಪ್ರಶ್ನೆಗೆ ಒಬ್ಬೊಬ್ಬರೇ ಉತ್ತರ ಹುಡುಕಬೇಕಾಗಿಲ್ಲ. ವಾಣಿಜ್ಯ ಮಂಡಳಿಗಳಿರುವುದೇ ಇಂಥ ಕೆಲಸಕ್ಕೆ. ಈ ದಿಸೆಯಲ್ಲಿ ಕೆಲವು ಸಲಹೆಗಳನ್ನು ಕಾರ್ಯಕಾರಿ ಸಮಿತಿಯ ಪರಿಶೀಲನೆಗಾಗಿ ಮುಂದಿಡುತ್ತೇನೆ.

ಮೊದಲನೆಯದಾಗಿ, ವಿಮಾನದ ಬಿಡಿಭಾಗ ತಯಾರಿಸುವ, ಮಾರುವ ಮತ್ತು ಸಾಗಿಸುವ ಸದಸ್ಯ ಘಟಕಗಳ ಸಿಬ್ಬಂದಿಗಾಗಿ ಅರ್ಧ ದಿನದ ಅರಿವಿನ ಪಾಠವೊಂದನ್ನು ಮಂಡಳಿಯೇ ಕನ್ನಡದಲ್ಲಿ ಏರ್ಪಡಿಸಲಿ. ವಾರದ ರಜೆಯ ಹಿಂದಿನ ಮಧ್ಯಾಹ್ನ ಇಟ್ಟುಕೊಂಡರೆ ಉತ್ಪಾದನೆಗೆ ಹೆಚ್ಚಿನ ಧಕ್ಕೆಯಾಗದು. ವೆಚ್ಚವನ್ನು ಘಟಕಗಳು ಹಂಚಿಕೊಂಡರೆ ಯಾರಿಗೂ ಭಾರವಾಗದು. ಇದು ನಿರ್ವಹಣಾ ಸಂಸ್ಥೆಗಳ ಕಡ್ಡಾಯ ತರಬೇತಿಗೆ ಬದಲಿಯಲ್ಲ, ಪೂರಕವೆಂಬುದನ್ನು ಸ್ಪಷ್ಟಪಡಿಸಬೇಕು.

ಎರಡನೆಯದಾಗಿ, ಪಾಠವು ಭಾಷಣವಾಗದೆ ಪ್ರಾತ್ಯಕ್ಷಿಕೆಯಾಗಲಿ. ಅಮೆರಿಕದ ಸುರಕ್ಷತಾ ಮಂಡಳಿಯು ಮರುಜೋಡಿಸಿದ ಟಿಡಬ್ಲ್ಯುಎ ವಿಮಾನದ ಅವಶೇಷವನ್ನು ತನ್ನ ತರಬೇತಿ ಕೇಂದ್ರದಲ್ಲಿ ಇರಿಸಿಕೊಂಡು 2021ರವರೆಗೆ ಹಲವು ವರ್ಷ ತನಿಖೆಗಾರರಿಗೆ ಪಾಠ ಹೇಳಿತು. ಕಣ್ಣಾರೆ ಕಂಡದ್ದು ಮರೆಯದು. ನಮ್ಮ ಮಟ್ಟಿಗೆ ಸವೆದ ಸ್ಲೀವ್, ಬಿರುಕುಬಿಟ್ಟ ಸೀಲೆಂಟ್, ತುಕ್ಕು ಹಿಡಿದ ಸಂಪರ್ಕ ಪಟ್ಟಿ, ಅಳತೆ ತಪ್ಪಿದ ವಾಷರುಗಳ ಒಂದು ಪೆಟ್ಟಿಗೆ ಸಾಕು. ಒಳ್ಳೆಯದನ್ನೂ ಕೆಟ್ಟದ್ದನ್ನೂ ಅಕ್ಕಪಕ್ಕ ಇಟ್ಟು, ಕೈಗೆ ಕೊಟ್ಟು ತೋರಿಸಬೇಕು. ಬೆಂಗಳೂರಿನ ಸಂಸ್ಥೆಗಳಿಂದ ನಿವೃತ್ತರಾದ ಅನುಭವಿ ತಂತ್ರಜ್ಞರು ನಮ್ಮ ನಡುವೆಯೇ ಇದ್ದಾರೆ. ಅವರಿಗಿಂತ ಉತ್ತಮ ಶಿಕ್ಷಕರು ಬೇಕಿಲ್ಲ.

ಮೂರನೆಯದಾಗಿ, ಖರೀದಿ ಆದೇಶ ನೀಡುವಾಗ ಆ ಭಾಗವು ಇಂಧನ ವ್ಯವಸ್ಥೆಗೆ ಸಂಬಂಧಿಸಿದ್ದೇ, ಅದರ ಯಾವ ಅಳತೆ ಅಥವಾ ಗುಣ ಸುರಕ್ಷತೆಗೆ ನಿರ್ಣಾಯಕ ಎಂಬುದನ್ನು ನಮೂದಿಸುವಂತೆ ದೊಡ್ಡ ಖರೀದಿದಾರರನ್ನು ಮಂಡಳಿಯ ಮೂಲಕ ಸಾಮೂಹಿಕವಾಗಿ ಕೋರಬೇಕು. ಒಬ್ಬ ಸಣ್ಣ ಸರಬರಾಜುದಾರ ಕೇಳಿದರೆ ಸಿಗದ ಉತ್ತರ ಸಂಘಟನೆ ಕೇಳಿದರೆ ಸಿಕ್ಕೀತು. ತರಬೇತಿಯ ವೆಚ್ಚದಲ್ಲಿ ಅವರೂ ಪಾಲುಗೊಳ್ಳಬೇಕೆಂಬ ಬೇಡಿಕೆಯನ್ನೂ ಆ ಸಂದರ್ಭದಲ್ಲಿಯೇ ಇಡುವುದು ನ್ಯಾಯ.

ಕೊನೆಯದಾಗಿ, ಪ್ರತಿ ಘಟಕದ ಉಗ್ರಾಣದಲ್ಲಿಯೂ ಖರೀದಿ ವಿಭಾಗದಲ್ಲಿಯೂ ಒಂದು ನಿಯಮವನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಹಾಕಲಿ: ‘ಸಮನಾದದ್ದು’ ಎಂಬುದನ್ನು ನಾವು ತೀರ್ಮಾನಿಸುವುದಿಲ್ಲ, ವಿನ್ಯಾಸಕಾರರನ್ನು ಕೇಳುತ್ತೇವೆ. ಇದಕ್ಕೆ ಖರ್ಚಿಲ್ಲ, ಯಾವ ಇಲಾಖೆಯ ಪರವಾನಗಿಯೂ ಬೇಡ, ನಾಳೆಯೇ ಮಾಡಬಹುದು.

ವಿಮಾನ ದುರಸ್ತಿಯ ಕೆಲಸ ನಮ್ಮ ರಾಜ್ಯಕ್ಕೆ ಹೆಚ್ಚು ಹೆಚ್ಚಾಗಿ ಬರಲೆಂದು ಬಯಸುವವರಲ್ಲಿ ನಾನೂ ಒಬ್ಬ. ಆ ಕೆಲಸ ಬರುವುದು ಅಗ್ಗದ ಕೂಲಿಯ ಆಕರ್ಷಣೆಯಿಂದ ಮಾತ್ರವಾದರೆ, ಇನ್ನೂ ಅಗ್ಗದ ಊರು ಸಿಕ್ಕಿದ ದಿನವೇ ಅದು ಅಲ್ಲಿಗೆ ಹೊರಟುಹೋಗುತ್ತದೆ. ಇಲ್ಲಿನ ಕೆಲಸಗಾರನಿಗೆ ತಾನು ಮಾಡುವ ವಾಷರು ಎಲ್ಲಿ ಕೂರುತ್ತದೆಂಬುದೂ ತಿಳಿದಿದೆ, ಅದಿಲ್ಲದಿದ್ದರೆ ಏನಾಗುತ್ತದೆಂಬುದೂ ತಿಳಿದಿದೆ ಎಂಬ ಹೆಸರು ಬಂದರೆ ಕೆಲಸ ಇಲ್ಲಿಯೇ ನಿಲ್ಲುತ್ತದೆ. ಆ ಹೆಸರನ್ನು ಸರ್ಕಾರ ಕೊಡಿಸಲಾರದು, ನಾವೇ ಗಳಿಸಬೇಕು. ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೊಂದು ಸ್ಥಾನ ಸಿಗಲೆಂದು ಕೋರುತ್ತೇನೆ.